ಲಾಠಿಗೆ ದುಡ್ಡು ಊರಿನದು, ಅಪ್ಪಣೆ ಯಾರದು?



ಅಮೆರಿಕದ ಮಿಸೌರಿ ರಾಜ್ಯದಲ್ಲಿ ಸೇಂಟ್ ಲೂಯಿ ಅಂತ ಒಂದು ನಗರ. ಅಲ್ಲಿ ಹತ್ತಿರತ್ತಿರ ಅರ್ಧದಷ್ಟು ಮಂದಿ ಕಪ್ಪು ಜನ. ಆ ಊರಿನ ಪೊಲೀಸರು ಯಾರ ಮಾತು ಕೇಳಬೇಕು ಅನ್ನೋ ಜಗಳ 1861ರಲ್ಲಿ ಶುರುವಾಯಿತು, ಇನ್ನೂ ಮುಗಿದಿಲ್ಲ. ದೂರದೂರಿನ ಸುದ್ದಿ ನಮಗ್ಯಾಕೆ ಅಂತ ಕೆಲವರು ಕೇಳಬಹುದು. 1972ರಲ್ಲಿ ಮುಂಬಯಿಯ ನಮ್ಮ ಹುಡುಗರು ಅಲ್ಲಿನ ಬ್ಲ್ಯಾಕ್ ಪ್ಯಾಂಥರ್‌ಗಳನ್ನು ನೋಡಿಯೇ ದಲಿತ್ ಪ್ಯಾಂಥರ್ ಅಂತ ಹೆಸರಿಟ್ಟುಕೊಂಡರು. ಲಾಠಿಯ ರುಚಿ ಇಬ್ಬರಿಗೂ ಗೊತ್ತಿತ್ತು.

1861 ಅಂದರೆ ಗುಲಾಮಗಿರಿ ಉಳಿಸಿಕೊಳ್ಳೋಕೆ ದಕ್ಷಿಣದ ರಾಜ್ಯಗಳು ಒಕ್ಕೂಟ ಬಿಟ್ಟು ಹೊರಟಿದ್ದ ಕಾಲ. ಮಿಸೌರಿಯ ಗವರ್ನರ್ ಕ್ಲೇಬೋರ್ನ್ ಜ್ಯಾಕ್ಸನ್ ಅವರ ಕಡೆ. ಸೇಂಟ್ ಲೂಯಿ ಒಕ್ಕೂಟದ ಕಡೆ. ಈ ಊರಿನ ಕೈಯಲ್ಲಿ ಬಂದೂಕು ಇರಬಾರದು ಅಂತ ರಾಜ್ಯ ಸರ್ಕಾರ ಕಾನೂನು ಮಾಡಿ ಪೊಲೀಸ್ ಇಲಾಖೆಯನ್ನೇ ಕಿತ್ತುಕೊಂಡಿತು. ಗವರ್ನರ್ ನೇಮಿಸೋ ಮಂಡಳಿ ಹೇಳಿದ್ದೇ ಆಜ್ಞೆ. ಸಂಬಳ ಕೊಡೋದು ಮಾತ್ರ ಊರಿನ ಖಜಾನೆ! ಯುದ್ಧ ಮುಗೀತು, ಗುಲಾಮಗಿರಿ ಹೋಯಿತು, ಆದರೆ ಈ ಕಾನೂನು 150 ವರ್ಷ ಕದಲಲಿಲ್ಲ.

ಕಾನೂನು ರಾಜ್ಯದ್ದಾದ್ದರಿಂದ ಅದನ್ನು ತೆಗೆಯೋಕೆ ಊರಿನವರ ಓಟು ಸಾಲದು, ಇಡೀ ರಾಜ್ಯದ ಓಟು ಬೇಕಾಯಿತು. ಸಹಿ ಸಂಗ್ರಹಿಸಿ, 2012ರ ನವೆಂಬರಿನಲ್ಲಿ ಮತಕ್ಕೆ ಹಾಕಿ, ನೂರಕ್ಕೆ 60ಕ್ಕೂ ಹೆಚ್ಚು ಓಟಿನಿಂದ ಗೆದ್ದರು. (ಖರ್ಚಿನ ಬಹುಪಾಲು ಕೊಟ್ಟವನು ರೆಕ್ಸ್ ಸಿಂಕ್‌ಫೀಲ್ಡ್ ಅನ್ನೋ ಭಾರೀ ಶ್ರೀಮಂತ. ಬಡವರ ಬೇಡಿಕೆಗೆ ಸಾಹುಕಾರ ದುಡ್ಡು ಬಿಚ್ಚಿದಾಗ ಲೆಕ್ಕ ಕೇಳಿಟ್ಟುಕೊಳ್ಳೋದು ಒಳ್ಳೇದು.) 2013ರ ಸೆಪ್ಟೆಂಬರಿನಲ್ಲಿ ಪೊಲೀಸ್ ಇಲಾಖೆ ನಗರದ ಕೈಗೆ ಬಂತು. 2015ರಲ್ಲಿ ಪೊಲೀಸರ ಮೇಲಿನ ದೂರು ನೋಡೋಕೆ ನಾಗರಿಕರ ಮಂಡಳಿಯೂ ಆಯಿತು.

ಇಷ್ಟಕ್ಕೇ ನಾವು ಚಪ್ಪಾಳೆ ತಟ್ಟೋ ಹಾಗಿಲ್ಲ. ಪಕ್ಕದಲ್ಲೇ ಫರ್ಗುಸನ್ ಅಂತ ಸಣ್ಣ ಊರು. ಅಲ್ಲಿನ ಪೊಲೀಸರು ಮೊದಲಿಂದಲೂ ಆ ಊರಿನವರ ಕೈಯಲ್ಲೇ ಇದ್ದರು. ಜನರಲ್ಲಿ ಮೂರರಲ್ಲಿ ಎರಡು ಪಾಲು ಕಪ್ಪು ಜನ, ಪೊಲೀಸರಲ್ಲಿ ಹೆಚ್ಚುಕಡಿಮೆ ಎಲ್ಲರೂ ಬಿಳಿಯರು. 2014ರ ಆಗಸ್ಟಿನಲ್ಲಿ ಮೈಕೆಲ್ ಬ್ರೌನ್ ಅನ್ನೋ 18 ವರ್ಷದ ಹುಡುಗ ಪೊಲೀಸನ ಗುಂಡಿಗೆ ಸತ್ತದ್ದು ಅಲ್ಲೇ. ಊರಿನ ಖಜಾನೆ ತುಂಬೋಕೆ ಕಪ್ಪು ಜನರಿಂದ ದಂಡ ಸುಲೀತಿದ್ದರು ಅಂತ ಕೇಂದ್ರ ಸರ್ಕಾರದ ತನಿಖೆಯೇ 2015ರಲ್ಲಿ ಹೇಳಿತು. ನಮ್ಮ ಹಳ್ಳಿಯ ಪಂಚಾಯ್ತಿ ಕಟ್ಟೆ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅಧಿಕಾರ ಊರಿಗೆ ಬಂತು ಅಂದರೆ ಕೇರಿಗೆ ಬಂತು ಅಂತಲ್ಲ.

ಹಾಗಂತ ದೂರದ ದೊರೆಯೇ ವಾಸಿ ಅನ್ನೋಣವೇ? 2025ರ ಮಾರ್ಚಿನಲ್ಲಿ ಮಿಸೌರಿಯ ಶಾಸನಸಭೆ, ಊರಿನಲ್ಲಿ ಅಪರಾಧ ಜಾಸ್ತಿ ಅನ್ನೋ ನೆಪ ಹೇಳಿ, ಸೇಂಟ್ ಲೂಯಿ ಪೊಲೀಸರನ್ನು ಮತ್ತೆ ಗವರ್ನರ್ ನೇಮಿಸೋ ಮಂಡಳಿಗೆ ಒಪ್ಪಿಸಿತು. 2012ರಲ್ಲಿ ಜನ ಓಟು ಕೊಟ್ಟು ಪಡೆದದ್ದನ್ನು ಈ ಸಲ ಜನರನ್ನು ಕೇಳದೆಯೇ ಕಿತ್ತರು. ಮೇಯರ್ ಆಗಿದ್ದ ಕಪ್ಪು ಹೆಣ್ಣುಮಗಳು ಟಿಶಾರಾ ಜೋನ್ಸ್ ಬೇಡ ಅಂದರು, ಪೊಲೀಸರ ಸಂಘ ಬೇಕು ಅಂದಿತು. ಯಾರ ಮಾತು ನಡೀತು ನೋಡಿ. ನಗರದ ಸಾಮಾನ್ಯ ವರಮಾನದಲ್ಲಿ ಪೊಲೀಸರಿಗೆ ಇಂತಿಷ್ಟು ಕೊಡಲೇಬೇಕು, ಅದು ನೂರಕ್ಕೆ 25ರವರೆಗೆ ಏರಬೇಕು ಅಂತಲೂ ಬರೆದರು.

ಊರಿನ ಕೈಗೆ ಪೊಲೀಸರು ಬರಬೇಕು ಅನ್ನೋದು ನಮ್ಮ ಪಕ್ಷ. ಆದರೆ ಏಟು ತಿಂದವನ ದೂರು ಕೇಳೋ ಕುರ್ಚಿಯಲ್ಲಿ ಏಟು ತಿಂದವರ ಕೇರಿಯವರೂ ಕೂರಬೇಕು. ಅದಿಲ್ಲದಿದ್ದರೆ ಫರ್ಗುಸನ್ನೇ ಗತಿ.

ಇಲ್ಲಿ ಬೆಂಗಳೂರಿನ ಪೊಲೀಸ್ ಕಮಿಷನರು ಪಾಲಿಕೆಗೆ ಉತ್ತರ ಹೇಳೋದಿಲ್ಲ, ರಾಜ್ಯ ಸರ್ಕಾರಕ್ಕೆ ಹೇಳ್ತಾರೆ. ಪೊಲೀಸರ ಮೇಲಿನ ದೂರು ಕೇಳೋಕೆ ಜಿಲ್ಲೆ ಜಿಲ್ಲೆಗೂ ಪ್ರಾಧಿಕಾರ ಇರಬೇಕು ಅಂತ ಪ್ರಕಾಶ್ ಸಿಂಗ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 2006ರಲ್ಲೇ ಹೇಳಿದೆ. ನಿಮ್ಮ ಜಿಲ್ಲೆಯಲ್ಲಿ ಅದರ ಬಾಗಿಲು ಎಲ್ಲಿದೆ, ಒಳಗೆ ಯಾರು ಕೂತಿದ್ದಾರೆ, ಮುಂದಿನ ಸಭೆಗೆ ಬರುವಾಗ ವಿಚಾರಿಸಿಕೊಂಡು ಬನ್ನಿ.