ಏಪ್ರಿಲ್ ಗೆರೆಯ ಆಚೆ ಉಳಿದ ಅಂಗನವಾಡಿ ಟೀಚರ್‌ಗಳು

2023ರ ಮಾರ್ಚ್‌ನಲ್ಲಿ ನಿವೃತ್ತರಾದ ಅಂಗನವಾಡಿ ಕಾರ್ಯಕರ್ತೆಗೆ ಗ್ರಾಚ್ಯುಟಿ ಇಲ್ಲ, ಏಪ್ರಿಲ್‌ನಲ್ಲಿ ನಿವೃತ್ತರಾದವರಿಗೆ ಉಂಟು. ಇಬ್ಬರೂ ಕಡೂರು ತಾಲ್ಲೂಕಿನ ಸಿಂಗಟಗೆರೆ ಹೋಬಳಿಯ ಅಕ್ಕಪಕ್ಕದ ಹಳ್ಳಿಯವರೇ ಇರಬಹುದು. ಇಬ್ಬರೂ ಮೂವತ್ತು ವರ್ಷ ಮಕ್ಕಳ ತೂಕ ನೋಡಿ, ಬಾಣಂತಿಯರ ಮನೆ ಬಾಗಿಲು ತಟ್ಟಿ, ಚುನಾವಣೆ ಬಂದರೆ ಮತದಾರರ ಪಟ್ಟಿ ಹಿಡಿದು ತಿರುಗಿದವರೇ. ನಡುವೆ ಬಿದ್ದದ್ದು ಸರ್ಕಾರಿ ಆದೇಶದ ಒಂದು ತಾರೀಖು.

ಆ ಆದೇಶವೂ ಪುಕ್ಕಟೆ ಬಂದದ್ದಲ್ಲ. 2023ರ ಜನವರಿಯ ಚಳಿಯಲ್ಲಿ ರಾಜ್ಯದ ಮೂಲೆಮೂಲೆಯಿಂದ ಬಂದ ಕಾರ್ಯಕರ್ತೆಯರು, ಸಹಾಯಕಿಯರು ಬೆಂಗಳೂರಿನ ಫ್ರೀಡಂ ಪಾರ್ಕ್‌ನಲ್ಲಿ ಹಗಲು ರಾತ್ರಿ ಧರಣಿ ಕೂತರು. ಆಮೇಲೆ ಸರ್ಕಾರ ಒಪ್ಪಿತು. ಒಪ್ಪಿದ್ದು ಮುಂದೆ ನಿವೃತ್ತರಾಗುವವರಿಗೆ ಮಾತ್ರ. 2011ರಿಂದ 2023ರವರೆಗೆ ಮನೆಗೆ ಹೋದವರಿಗೂ ಕೊಡಿ ಎಂದು ಕಾರ್ಯಕರ್ತೆಯರ ಸಂಘದವರು ಅಂದಿನಿಂದ ಕೇಳುತ್ತಲೇ ಬಂದಿದ್ದಾರೆ.

ಕೇಳುವುದರಲ್ಲಿ ನ್ಯಾಯವಿದೆ. ಈ ಹೆಂಗಸರು ಸರ್ಕಾರಿ ನೌಕರರಲ್ಲ ಎಂದು ಸುಪ್ರೀಂ ಕೋರ್ಟ್‌ವರೆಗೆ ಹೋಗಿ ವಾದಿಸಿ ಗೆದ್ದದ್ದು ನಮ್ಮ ರಾಜ್ಯವೇ. 2006ರ ಡಿಸೆಂಬರಿನ ಅಮೀರಬಿ ಪ್ರಕರಣದ ತೀರ್ಪು ಅದು. ಅವರಿಗೆ ಸಿಗುವುದು ಗೌರವಧನ, ಸಂಬಳವಲ್ಲ ಎಂಬ ವಾದಕ್ಕೆ ಅಲ್ಲಿಂದ ಬಲ ಬಂತು. 2022ರ ಏಪ್ರಿಲ್ 25ರಂದು ಗುಜರಾತಿನ ಕಾರ್ಯಕರ್ತೆಯರ ಪ್ರಕರಣದಲ್ಲಿ ನ್ಯಾಯಮೂರ್ತಿಗಳಾದ ಅಜಯ್ ರಸ್ತೋಗಿ ಮತ್ತು ಅಭಯ್ ಓಕಾ ಬೇರೆ ಮಾತು ಹೇಳಿದರು: ಈ ಗೌರವಧನವೂ ಕೂಲಿಯೇ, 1972ರ ಗ್ರಾಚ್ಯುಟಿ ಕಾಯ್ದೆ ಅಂಗನವಾಡಿಗೂ ಅನ್ವಯಿಸುತ್ತದೆ. ತಡವಾದ ಮೊತ್ತಕ್ಕೆ ಶೇ 10ರ ಸರಳ ಬಡ್ಡಿಯನ್ನೂ ಸೇರಿಸಿದರು. ಆ ಪ್ರಕರಣದಲ್ಲಿ ನ್ಯಾಯ ಕೇಳಿದ್ದವರು ತೀರ್ಪಿಗೆ ಎಷ್ಟೋ ವರ್ಷ ಮೊದಲೇ ನಿವೃತ್ತರಾಗಿದ್ದವರು ಎಂಬುದನ್ನು ನಮ್ಮ ಅಧಿಕಾರಿಗಳು ಗಮನಿಸಬೇಕು. ಕೋರ್ಟು ಹೊಸ ಸೌಲಭ್ಯವನ್ನೇನೂ ಕೊಡಲಿಲ್ಲ, ಮೊದಲೇ ಇದ್ದ ಕಾನೂನು ಏನು ಹೇಳುತ್ತದೆ ಎಂದು ತಿಳಿಸಿತು. ಹಾಗಿದ್ದಮೇಲೆ 2023ರ ಏಪ್ರಿಲ್ ಎಲ್ಲಿಂದ ಬಂತು?

ಹಿಂದಿನ ದಿನಾಂಕದಿಂದ ಕೊಡಲಾಗದು ಎನ್ನುವವರಿಗೆ ಶಾಲಾ ಶಿಕ್ಷಕರ ಉದಾಹರಣೆ ಕಣ್ಣೆದುರಿಗಿದೆ. ಶಿಕ್ಷಕರನ್ನು ಗ್ರಾಚ್ಯುಟಿಗೆ ಸೇರಿಸಲು ಸಂಸತ್ತು 2009ರಲ್ಲಿ ಕಾಯ್ದೆ ತಿದ್ದಿತು, ಅದನ್ನು 1997ರ ಏಪ್ರಿಲ್ 3ರಿಂದಲೇ ಜಾರಿಗೊಳಿಸಿತು. ಖಾಸಗಿ ಶಾಲೆಗಳು ತಕರಾರು ತೆಗೆದವು. 2022ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ತಿದ್ದುಪಡಿಯನ್ನು ಎತ್ತಿಹಿಡಿಯಿತು. ಹನ್ನೆರಡು ವರ್ಷದ ಹಳೇ ಬಾಕಿ ತೀರಿಸಿ ಎಂದು ಖಾಸಗಿ ಶಾಲೆಗೆ ಹೇಳಬಹುದಾದರೆ ಸರ್ಕಾರ ತನಗೂ ಅದನ್ನೇ ಹೇಳಿಕೊಳ್ಳಬೇಕು.

ಮೊತ್ತವೇನೂ ಬೆಟ್ಟದಷ್ಟಲ್ಲ. ಕೊನೆಯ ಗೌರವಧನ ತಿಂಗಳಿಗೆ 10,000 ರೂಪಾಯಿ ಎಂದು ಹಿಡಿಯಿರಿ. ಅದನ್ನು 26ರಿಂದ ಭಾಗಿಸಿ, 15ರಿಂದ ಗುಣಿಸಿದರೆ ಒಂದು ವರ್ಷದ ಲೆಕ್ಕ. ಮೂವತ್ತು ವರ್ಷಕ್ಕೆ ಸುಮಾರು 1,73,000 ರೂಪಾಯಿ. ವೃದ್ಧಾಪ್ಯ ವೇತನದ 800 ರೂಪಾಯಿ, 65 ತುಂಬಿದ ಮೇಲೆ ಸಂಧ್ಯಾ ಸುರಕ್ಷೆಯ 1,200 ರೂಪಾಯಿಯಲ್ಲಿ ತಿಂಗಳು ತಳ್ಳುವವರಿಗೆ ಅದು ಕಣ್ಣಿನ ಆಪರೇಷನ್ನು, ಸೋರುವ ಮಾಡಿಗೆ ಶೀಟು, ಮಗಳ ಮುಂದೆ ಕೈಚಾಚದೆ ನಡೆಯುವ ನಾಲ್ಕಾರು ವರ್ಷ.

ಸಿಂಗಟಗೆರೆ ಕಡೆಯ ಒಬ್ಬ ನಿವೃತ್ತ ಟೀಚರ್ ತಮ್ಮ ನೇಮಕಾತಿ ಆದೇಶ ತೋರಿಸಿದರು. ಟೈಪ್ ಮಾಡಿದ ಕಾಗದ, ಮಡಿಕೆಯ ಜಾಗದಲ್ಲೆಲ್ಲ ಹರಿದು, ಹಿಂದಿನಿಂದ ಗಂಜಿ ಹಾಕಿ ಅಂಟಿಸಿದ ಕ್ಯಾಲೆಂಡರ್ ಹಾಳೆ. ಜೊತೆಗೆ ಗೌರವಧನ ಜಮೆಯಾಗುತ್ತಿದ್ದ ಹಳೇ ಪಾಸ್‌ಬುಕ್ಕುಗಳು. ‘ಒಂದು ವರ್ಷ ಮುಂಚೆ ಹುಟ್ಟಿದ್ದೇ ತಪ್ಪಾಯ್ತೇನಣ್ಣಾ?’ ಎಂದು ಕೇಳಿದರು.

ಬ್ರಿಟನ್ನಿನಲ್ಲಿ 1950ರ ದಶಕದಲ್ಲಿ ಹುಟ್ಟಿದ ಹೆಂಗಸರೂ ಇಂಥದೇ ಪ್ರಶ್ನೆ ಹಿಡಿದು ಬೀದಿಗಿಳಿದಿದ್ದಾರೆ. ಪಿಂಚಣಿಯ ವಯಸ್ಸು 60ರಿಂದ 66ಕ್ಕೆ ಏರಿದ್ದನ್ನು ಹೊತ್ತಿಗೆ ಸರಿಯಾಗಿ ತಿಳಿಸಲಿಲ್ಲ ಎಂಬುದು ಅವರ ದೂರು. 2024ರ ಮಾರ್ಚ್‌ನಲ್ಲಿ ಅಲ್ಲಿನ ಒಂಬುಡ್ಸ್‌ಮನ್ ತಲಾ 1,000ದಿಂದ 2,950 ಪೌಂಡ್ ಪರಿಹಾರಕ್ಕೆ ಶಿಫಾರಸು ಮಾಡಿದರು. ಡಿಸೆಂಬರ್‌ನಲ್ಲಿ ಸರ್ಕಾರ ಒಲ್ಲೆ ಎಂದಿತು. ಅವರ ಕೈಯಲ್ಲಿದ್ದದ್ದು ಶಿಫಾರಸು. ನಮ್ಮ ಹೆಂಗಸರ ಕೈಯಲ್ಲಿ ಸುಪ್ರೀಂ ಕೋರ್ಟಿನ ತೀರ್ಪಿದೆ.

ಇವರು ನಿವೃತ್ತರಾದಾಗ ಜಾರಿಯಲ್ಲಿದ್ದ 1972ರ ಗ್ರಾಚ್ಯುಟಿ ಕಾಯ್ದೆಯ ಏಳನೇ ಸೆಕ್ಷನ್ನಿನ ಪ್ರಕಾರ ಕೆಲಸಗಾರ ಅರ್ಜಿ ಹಾಕಲಿ ಬಿಡಲಿ, ಲೆಕ್ಕ ಹಾಕಿ ಮೂವತ್ತು ದಿನದೊಳಗೆ ಕೊಡುವುದು ಕೆಲಸ ಕೊಟ್ಟವರ ಹೊಣೆ. ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆ ಕಡೂರಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿ (ಸಿಡಿಪಿಒ) ಕಚೇರಿಯ ಹಳೇ ಕಡತ ತೆಗೆಸಿ ನಿವೃತ್ತರ ಪಟ್ಟಿ ಮಾಡಲಿ. ಅದಾಗುವವರೆಗೆ ಅವರ ಮನೆಯ ಓದಿದ ಮಕ್ಕಳು ಒಂದು ಕೆಲಸ ಮಾಡಬೇಕು: ನೇಮಕಾತಿ ಆದೇಶ, ಬಿಡುಗಡೆ ಪತ್ರ, ಪಾಸ್‌ಬುಕ್ಕಿನ ನಕಲು ಸೇರಿಸಿ ಲಿಖಿತವಾಗಿ ಕೇಳಿ, ಸ್ವೀಕೃತಿ ಪಡೆದುಕೊಳ್ಳಿ. ಇಲಾಖೆ ಕೊಡದಿದ್ದರೆ ಕಾರ್ಮಿಕ ಇಲಾಖೆಯ ಅಧಿಕಾರಿಯ ಮುಂದೆ ದಾವೆ ಹೂಡಬಹುದು. ಟೀಚರ್ ತೀರಿಕೊಂಡಿದ್ದರೂ ಬಿಡಬೇಡಿ, ಆ ಹಣ ನಾಮಿನಿಗೆ ಅಥವಾ ವಾರಸುದಾರರಿಗೆ ಸೇರಬೇಕಾದದ್ದು.