ನಾಯಿಮರಿಗೂ ಬೇಕು ಕೆರೆಯಂಗಳ

ಬಸವನಗುಡಿಯ ನಮ್ಮ ಮನೆಗೆ ಕಳೆದ ವರ್ಷ ಗೋಲ್ಡನ್ ರಿಟ್ರೀವರ್ ಮರಿಯೊಂದು ಬಂದಿತು. ಮೊಮ್ಮಗಳು ಅದಕ್ಕೆ ‘ಗುಂಡ’ ಎಂದು ಹೆಸರಿಟ್ಟಳು. ಮರಿಗೆ ಐದು ತಿಂಗಳು ತುಂಬುವ ಹೊತ್ತಿಗೆ ಅವಳದೊಂದೇ ಪ್ರಶ್ನೆ: ‘ತಾತ, ಇವನಿಗೆ ಈಜು ಕಲಿಸೋದು ಯಾವಾಗ?’ ಮೂರು ದಶಕ ಕಡತಗಳ ನಡುವೆ ಬದುಕಿದವನಿಗೆ ಇಂತಹ ಪ್ರಶ್ನೆ ಬಂದರೆ ‘ಪರಿಶೀಲಿಸಲಾಗುವುದು’ ಎಂದು ಉತ್ತರಿಸುವ ಅಭ್ಯಾಸ. ಮನೆಯಲ್ಲಿ ಅದು ನಡೆಯಲಿಲ್ಲ.

ಈ ತಳಿ ನೀರಿಗಾಗಿಯೇ ಹುಟ್ಟಿದ್ದು. 19ನೇ ಶತಮಾನದಲ್ಲಿ ಸ್ಕಾಟ್ಲೆಂಡಿನ ಲಾರ್ಡ್ ಟ್ವೀಡ್‌ಮೌತ್, ಬೇಟೆಯಲ್ಲಿ ನೀರಿಗೆ ಬಿದ್ದ ಹಕ್ಕಿಗಳನ್ನು ಹೆಕ್ಕಿ ತರಲೆಂದು ಇದನ್ನು ರೂಪಿಸಿದ. ಹಾಗೆಂದು ಮರಿಯನ್ನು ಎತ್ತಿ ನೀರಿಗೆ ಎಸೆಯುವಂತಿಲ್ಲ ಎಂದು ಪಶುವೈದ್ಯರು ಎಚ್ಚರಿಸಿದರು. ಒಮ್ಮೆ ಹೆದರಿದ ಮರಿ ಮತ್ತೆ ನೀರಿನ ಬಳಿ ಸುಳಿಯದಿರಬಹುದು. ಪಾದ ಮುಳುಗುವಷ್ಟು ನೀರಿನಲ್ಲಿ ಮೊದಲು ಆಡಬೇಕು; ಅದು ತಾನಾಗಿಯೇ ಒಂದೊಂದು ಹೆಜ್ಜೆ ಆಳಕ್ಕೆ ಇಳಿಯಬೇಕು. ಆರಂಭದಲ್ಲಿ ಮುಂಗಾಲುಗಳಿಂದ ನೀರನ್ನು ಬಡಿಯುತ್ತದೆ, ಹಿಂಭಾಗ ಮುಳುಗುತ್ತದೆ. ಆಗ ಹೊಟ್ಟೆಯ ಕೆಳಗೆ ಕೈಯಿಟ್ಟು ಎತ್ತಿ ಹಿಡಿದರೆ ಬೆನ್ನು ಸಮವಾಗಿ ನಾಲ್ಕೂ ಕಾಲು ಆಡತೊಡಗುತ್ತವೆ. ಕೆಲವೇ ನಿಮಿಷ ಸಾಕು. ಬಳಿಕ ಶುದ್ಧ ನೀರಿನಲ್ಲಿ ತೊಳೆದು ಕಿವಿ ಒರೆಸಬೇಕು. ಇಲಿಜ್ವರದ ಲಸಿಕೆಯಾಗದೆ ನಿಂತ ನೀರಿಗೆ ಇಳಿಸಲೇಬಾರದು.

ನನ್ನ ಸೋದರಮಾವ ನನಗೆ ಈಜು ಕಲಿಸಿದ ಕ್ರಮ ಬೇರೆ. ಬೆನ್ನಿಗೆ ಬೆಂಡು ಕಟ್ಟಿ ಊರಿನ ಬಾವಿಗೆ ತಳ್ಳಿದ್ದರು. ಈಜು ಬಂತು, ಆಳದ ಭಯ ಇಂದಿಗೂ ಹೋಗಿಲ್ಲ.

ಹಾಗಾಗಿ ಗುಂಡನಿಗೆ ಬೇಕಾದದ್ದು ಇಳಿಜಾರಿನ ದಡವೊಂದು. ಕೆಂಪೇಗೌಡರ ಕಾಲದ್ದೆನ್ನಲಾಗುವ ಕೆಂಪಾಂಬುಧಿ ಕೆರೆ ನಮಗೆ ನಡಿಗೆಯ ದೂರ. ಆದರೆ ಅದಕ್ಕೆ ಒಳಚರಂಡಿ ನೀರು ಸೇರುವ ದೂರು ದಶಕಗಳಷ್ಟು ಹಳೆಯದು. ಧರ್ಮಾಂಬುಧಿ ಬಸ್ ನಿಲ್ದಾಣವಾದುದು, ಸಂಪಂಗಿ ಕೆರೆಯಲ್ಲಿ ಕ್ರೀಡಾಂಗಣ ಎದ್ದುದು ಓದುಗರಿಗೆ ತಿಳಿದೇ ಇದೆ. ಉಳಿದ ಕೆರೆಗಳಲ್ಲಿಯೂ ಒಂದು ಭಾಗ ಸದ್ದಿಲ್ಲದೆ ಮಾಯವಾಗಿದೆ. ಅದು ಕೆರೆಯಂಗಳ.

ನಮ್ಮ ಪೂರ್ವಿಕರ ಕೆರೆ ಏರಿಯ ಬಳಿ ಆಳ; ನೀರು ಹರಿದುಬರುವ ದಿಕ್ಕಿಗೆ ಹೋದಂತೆ ಕ್ರಮೇಣ ತೆಳುವಾಗಿ ಹುಲ್ಲಿನಲ್ಲಿ ಮುಗಿಯುತ್ತಿತ್ತು. ದನಕರು ನೀರು ಕುಡಿಯಲು ಇಳಿಯುತ್ತಿದ್ದುದು, ಮಕ್ಕಳು ಮೊದಲು ನೀರಿನ ಪರಿಚಯ ಮಾಡಿಕೊಳ್ಳುತ್ತಿದ್ದುದು, ಬಕಪಕ್ಷಿಗಳು ಮೀನಿಗೆ ಕಾಯುತ್ತಿದ್ದುದು ಅಲ್ಲಿಯೇ. ಬೇಸಿಗೆಯಲ್ಲಿ ಒಣಗುವುದು ಅದರ ಸ್ವಭಾವ. ಒತ್ತುವರಿಗೆ ದಾರಿಯಾದದ್ದೂ ಅದೇ.

ಇಲ್ಲಿ ನನ್ನದೂ ಒಂದು ಪಾಲಿದೆ. 1990ರ ದಶಕದಲ್ಲಿ, ಬೆಂಗಳೂರಿನಿಂದ ದೂರದ ತಾಲ್ಲೂಕೊಂದರಲ್ಲಿ ಏಪ್ರಿಲ್ ತಿಂಗಳ ಸ್ಥಳಪರಿಶೀಲನೆಗೆ ಹೋಗಿ, ಬಿರುಕು ಬಿಟ್ಟ ಅಂಗಳವನ್ನು ಕಂಡು ‘ನೀರು ನಿಲ್ಲುವ ಜಾಗವಲ್ಲ’ ಎಂದು ಟಿಪ್ಪಣಿ ಬರೆದೆ. ಅಲ್ಲಿ ಕಟ್ಟಡಗಳೆದ್ದವು. ಎರಡು ಮಳೆಗಾಲದ ನಂತರ ಅವುಗಳೊಳಗೆ ಮೊಳಕಾಲುದ್ದ ನೀರು ನಿಂತಾಗ ನಾನು ವರ್ಗವಾಗಿ ಬೇರೆಡೆ ಇದ್ದೆ. ಯಾರೂ ನನ್ನನ್ನು ಕೇಳಲಿಲ್ಲ.

ಅಂಗಳ ಉಳಿದಿದ್ದ ಕೆರೆಗಳಿಗೆ ‘ಅಭಿವೃದ್ಧಿ’ ಬಂತು. ಅನೇಕ ಕಡೆ ಹೂಳನ್ನು ಸಮನಾಗಿ ತೋಡಿ, ಸುತ್ತ ಮಣ್ಣು ಏರಿಸಿ, ಕಡಿದಾದ ಕಲ್ಲುಕಟ್ಟೆ ಕಟ್ಟಿ, ನಡಿಗೆಪಥ ಮತ್ತು ತಂತಿಬೇಲಿ ಹಾಕಿದರು. ಪರಿಸರ ತಜ್ಞರು ಇದನ್ನು ‘ಸೂಪ್ ಬಟ್ಟಲು’ ಎಂದು ಲೇವಡಿ ಮಾಡಿದ್ದಾರೆ. ಜಾರಿಬಿದ್ದ ಮಗು ಆ ದಡವನ್ನು ಹತ್ತಲಾರದು. ಅಪಾಯವೆಂದು ಬೇಲಿಯನ್ನು ಸಮರ್ಥಿಸಿಕೊಳ್ಳುತ್ತೇವೆ. ಅಪಾಯವನ್ನು ಕಟ್ಟಿದವರು ನಾವೇ ತಾನೆ?

ಕೊನೆಗೆ ಗುಂಡ ಈಜು ಕಲಿತದ್ದು ನಗರದ ಅಂಚಿನಲ್ಲಿ, ನಾಯಿಗಳಿಗೆಂದೇ ಇರುವ ಖಾಸಗಿ ಕೊಳದಲ್ಲಿ. ಅರ್ಧ ಗಂಟೆಗೆ ಇಷ್ಟು ಎಂದು ದರ. ಹೋಗಿಬರುವ ಟ್ಯಾಕ್ಸಿ ಬಾಡಿಗೆ ಅದಕ್ಕಿಂತ ಹೆಚ್ಚು. ಸಾರ್ವಜನಿಕ ಸೊತ್ತು ನಾಶವಾದ ಜಾಗದಲ್ಲಿ ಮಾರುಕಟ್ಟೆ ಹುಟ್ಟುತ್ತದೆಂದು ಎಂ.ಎ. ತರಗತಿಯಲ್ಲಿ ಓದಿದ್ದೆ, ರಸೀದಿ ಸಿಕ್ಕಿದ್ದು ಈಗ. ಅಲ್ಲಿ ಸಿಮೆಂಟಿನ ಇಳಿಜಾರೊಂದಿತ್ತು. ಮೂರನೆಯ ಭೇಟಿಯಲ್ಲಿ ಗುಂಡ ನನ್ನ ಕೈಯ ಆಸರೆ ಬಿಟ್ಟು ಚೆಂಡಿನ ಹಿಂದೆ ಹೋದ.

ಹಕ್ಕಿಗಳ ಕೆರೆಗೆ ನಾಯಿಗಳನ್ನು ಬಿಡಿ ಎಂದು ನಾನು ಕೇಳುತ್ತಿಲ್ಲ. ಮುಂದಿನ ಪುನಶ್ಚೇತನದ ಅಂದಾಜುಪಟ್ಟಿ ತಯಾರಿಸುವ ಎಂಜಿನಿಯರರು ನೀರು ಒಳಬರುವ ಒಂದು ಬದಿಯನ್ನಾದರೂ ಕಲ್ಲು ಕಟ್ಟದೆ, ಹುಲ್ಲು ಬೆಳೆಯುವ ಇಳಿಜಾರಾಗಿ ಬಿಡಲಿ. ಕಲ್ಲಿನ ವೆಚ್ಚವೂ ಅಷ್ಟರಮಟ್ಟಿಗೆ ಉಳಿದೀತು.