ಅವಧಾನನ್ಯೂನತೆಯ ನಿರ್ಣಯ

ಮಗುವಿನ ಮನಸ್ಸು ಪಾಠದಲ್ಲಿ ನಿಲ್ಲುವುದಿಲ್ಲವೆಂದು ಶಾಲೆಯವರಿಂದ ಹೇಳಿಸಿಕೊಂಡು ಬಂದ ತಂದೆತಾಯಿಗಳ ಮುಂದೆಯೂ, ವಯಸ್ಸು ಮೂವತ್ತು ದಾಟಿದ ಮೇಲೆ ತನ್ನ ಅರ್ಧಕ್ಕೆ ನಿಂತ ಕೆಲಸಗಳನ್ನೆಲ್ಲ ಲೆಕ್ಕ ಹಾಕಿ ಇದಕ್ಕೆ ಎಡಿಎಚ್‌ಡಿ ಎಂಬ ಅವಧಾನನ್ಯೂನತೆಯೇ ಕಾರಣವಿರಬಹುದೇ ಎಂದು ಶಂಕಿಸತೊಡಗಿದ ಉದ್ಯೋಗಸ್ಥನ ಮುಂದೆಯೂ ಈ ಹೊತ್ತು ಒಂದೇ ಪ್ರಶ್ನೆ ಬಂದು ನಿಲ್ಲುತ್ತದೆ: ಕೈಯಲ್ಲಿರುವ ಮಿತವಾದ ಹಣವನ್ನೂ ಕಾಲವನ್ನೂ ಮನಶ್ಶಾಸ್ತ್ರದ ಪರೀಕ್ಷೆಗಳಿಗೆ ವಿನಿಯೋಗಿಸಿ ವ್ಯಾಧಿ ಉಂಟೋ ಇಲ್ಲವೋ ಎಂಬುದನ್ನು ಮೊದಲು ನಿಶ್ಚಯಿಸಿಕೊಳ್ಳುವುದು ಮೇಲೋ, ಅಥವಾ ಒಬ್ಬ ಚಿಕಿತ್ಸಕರಲ್ಲಿಗೆ ವಾರವಾರವೂ ಹೋಗುತ್ತ, ಆ ದೀರ್ಘಪರಿಚಯದಿಂದಲೇ ನಿಜಸ್ಥಿತಿ ಹೊರಬೀಳಲೆಂದು ಕಾದಿರುವುದು ಮೇಲೋ? ಪ್ರಶ್ನೆ ಸಹಜವಾದದ್ದೇ. ಆದರೆ ಅದು ನಿರ್ಣಯವನ್ನು ಹುಡುಕುವ ಎರಡು ಸ್ಥಳಗಳೂ ನಿರ್ಣಯದ ಸ್ವಂತ ಸ್ಥಳಗಳಲ್ಲ. ಈ ವ್ಯಾಧಿಯ ನಿರ್ಣಯವೆಂಬುದು ಬಲ್ಲ ವೈದ್ಯರೊಬ್ಬರು ಒಂದು ಜೀವನದ ಪೂರ್ವವೃತ್ತಾಂತವನ್ನು ಸಾವಧಾನವಾಗಿ ಕೇಳಿ, ಹತ್ತಿರದವರ ಮಾತಿನೊಡನೆ ತಾಳೆ ನೋಡಿ ಮಾಡತಕ್ಕ ತೀರ್ಮಾನವೆಂದು ನಾನು ನಂಬಿದ್ದೇನೆ.

1902ರಲ್ಲಿ ಲಂಡನ್ನಿನ ರಾಯಲ್ ಕಾಲೇಜ್ ಆಫ್ ಫಿಸಿಶಿಯನ್ಸ್‌ನಲ್ಲಿ ಉಪನ್ಯಾಸ ಮಾಡಿದ ಜಾರ್ಜ್ ಸ್ಟಿಲ್ ಎಂಬ ಮಕ್ಕಳ ವೈದ್ಯರು, ಬುದ್ಧಿಯಲ್ಲಿ ಕೊರತೆಯಿಲ್ಲದಿದ್ದರೂ ತಮ್ಮ ಆವೇಗವನ್ನು ತಡೆದುಕೊಳ್ಳಲಾರದ ಮಕ್ಕಳನ್ನು ವರ್ಣಿಸಿದಾಗ ಅವರಿಗೆ ಆಧಾರವಾಗಿದ್ದದ್ದು ರೋಗಿಯ ನಿರೀಕ್ಷಣೆ ಮತ್ತು ವೃತ್ತಾಂತ. ಅಲ್ಲಿಂದೀಚೆಗೆ ವ್ಯಾಧಿಯ ಹೆಸರು ಹಲವು ಸಲ ಬದಲಾಯಿತು; ನಿರ್ಣಯದ ಮಾರ್ಗ ಬದಲಾಗಲಿಲ್ಲ. ಅಮೆರಿಕದ ಮನೋವೈದ್ಯರ ಸಂಘವು 2013ರಲ್ಲಿ ಪ್ರಕಟಿಸಿದ ಡಿಎಸ್‌ಎಂ–5 ಎಂಬ ಕೈಪಿಡಿಯು ಅನವಧಾನಕ್ಕೆ ಒಂಬತ್ತು, ಅತಿಚಾಂಚಲ್ಯ ಮತ್ತು ದುಡುಕಿಗೆ ಒಂಬತ್ತು ಲಕ್ಷಣಗಳನ್ನು ಹೇಳುತ್ತದೆ. ಈ ಎರಡು ಗುಂಪುಗಳಲ್ಲಿ ಒಂದರಲ್ಲಾದರೂ ಮಕ್ಕಳಿಗೆ ಆರು ಲಕ್ಷಣಗಳು, ಹದಿನೇಳು ತುಂಬಿದವರಿಗೆ ಐದು, ಕನಿಷ್ಠ ಆರು ತಿಂಗಳ ಕಾಲ ಇದ್ದಿರಬೇಕು. ಅವುಗಳಲ್ಲಿ ಹಲವು ಹನ್ನೆರಡು ವರ್ಷಕ್ಕೆ ಮುಂಚೆಯೇ ತೋರಿರಬೇಕು. ಮನೆಯಲ್ಲಿಯೂ ಶಾಲೆಯಲ್ಲಿಯೂ ಎಂಬಂತೆ ಎರಡು ಕಡೆಗಳಲ್ಲಾದರೂ ಕಾಣಬೇಕು. ಜೀವನಕ್ಕೆ ಅವುಗಳಿಂದ ತೊಡಕಾಗಿರಬೇಕು. ಮತ್ತೊಂದು ವ್ಯಾಧಿಯಿಂದ ಅವನ್ನು ವಿವರಿಸಲು ಬರುವಂತಿರಬಾರದು. ಈ ನಿಯಮಗಳಲ್ಲಿ ಹಲವು ಕಾಲವನ್ನು ಕುರಿತವು, ಸ್ಥಳವನ್ನು ಕುರಿತವು. ಮೂವತ್ತೈದರ ಮನುಷ್ಯನು ಏಳನೆಯ ವಯಸ್ಸಿನಲ್ಲಿ ಹೇಗಿದ್ದನೆಂಬುದನ್ನು, ಇಂದು ಬೆಳಿಗ್ಗೆ ಎರಡು ಗಂಟೆಯ ಕಾಲ ನಡೆದ ಯಾವ ಪರೀಕ್ಷೆ ತಾನೇ ಹೇಳಬಲ್ಲದು?

ಪರೀಕ್ಷೆಗಳನ್ನು ನಾನು ಹಗುರವಾಗಿ ಕಾಣುವವನಲ್ಲ. ಅವುಗಳ ಹಿಂದೆ ದೀರ್ಘಪರಿಶ್ರಮವಿದೆ. ಗಣಕಯಂತ್ರದ ಪರದೆಯ ಮೇಲೆ ಒಂದಾದ ಮೇಲೊಂದು ಅಕ್ಷರ ಮೂಡುತ್ತಿರುವಾಗ ಗೊತ್ತಾದ ಅಕ್ಷರಕ್ಕೆ ಮಾತ್ರ ಕೈ ತಡೆದು ಉಳಿದುವಕ್ಕೆಲ್ಲ ಗುಂಡಿ ಒತ್ತಬೇಕಾದ ಪರೀಕ್ಷೆಯೊಂದುಂಟು. ನಿರಂತರ ಅವಧಾನವನ್ನು ಅಳೆಯುವ ಈ ಬಗೆಯ ಪರೀಕ್ಷೆಗಳ ಮೂಲರೂಪ 1956ರಷ್ಟು ಹಳೆಯದು. ನೂರು ಮಂದಿ ರೋಗಿಗಳನ್ನೂ ನೂರು ಮಂದಿ ಸ್ವಸ್ಥರನ್ನೂ ಎದುರುಬದುರಾಗಿ ನಿಲ್ಲಿಸಿದರೆ ಇವುಗಳಲ್ಲಿ ಸರಾಸರಿಯ ಅಂತರ ಕಾಣುವುದು ನಿಜ. ಆದರೆ ತಂದೆತಾಯಿಗಳು ಕರೆತಂದಿರುವುದು ಒಂದೇ ಒಂದು ಮಗುವನ್ನು. ಸದ್ದಿಲ್ಲದ ಕೊಠಡಿ, ಹೊಸ ಆಟದಂಥ ಯಂತ್ರ, ಪಕ್ಕದಲ್ಲಿ ಕುಳಿತು ತನ್ನೊಬ್ಬನನ್ನೇ ಗಮನಿಸುತ್ತಿರುವ ಹಿರಿಯರು: ಇಷ್ಟು ಅನುಕೂಲವಿದ್ದಲ್ಲಿ, ನಲವತ್ತು ಮಕ್ಕಳ ತರಗತಿಯಲ್ಲಿ ಹತ್ತು ನಿಮಿಷ ನಿಲ್ಲಲಾರದ ಮನಸ್ಸು ಒಂದು ಗಂಟೆ ನಿಂತುಬಿಡುವುದುಂಟು, ರಾತ್ರಿ ನಿದ್ರೆಗೆಟ್ಟ ಅಥವಾ ಭಯಗೊಂಡ, ಆದರೆ ಈ ವ್ಯಾಧಿಯಿಲ್ಲದ ಮಗು ಅಲ್ಲಿಯೇ ಎಡವುವುದೂ ಉಂಟು. ಬ್ರಿಟನ್ನಿನ ನೈಸ್ ಎಂಬ ಆರೋಗ್ಯಸಂಸ್ಥೆಯು 2018ರ ಮಾರ್ಗಸೂಚಿಯಲ್ಲಿ, ಕೇವಲ ಅಂಕಪ್ರಶ್ನಾವಳಿಯನ್ನಾಗಲಿ ನಿರೀಕ್ಷಣೆಯ ವರದಿಯನ್ನಾಗಲಿ ಆಧಾರವಾಗಿಟ್ಟುಕೊಂಡು ನಿರ್ಣಯ ಮಾಡಕೂಡದೆಂದು ವಿಧಿಸಿತು. ಎಡಿಎಚ್‌ಡಿಯ ವಿಶ್ವ ಒಕ್ಕೂಟದ 2021ರ ಹೇಳಿಕೆಯು ಇನ್ನೂ ಸ್ಪಷ್ಟವಾಗಿ, ನರಮನಶ್ಶಾಸ್ತ್ರದ ಪರೀಕ್ಷೆಗಳಿಂದಾಗಲಿ ಮಿದುಳಿನ ಚಿತ್ರಗಳಿಂದಾಗಲಿ ಈ ವ್ಯಾಧಿಯನ್ನು ನಿರ್ಣಯಿಸಲು ಬಾರದೆಂದಿತು.

ಹಾಗಾದರೆ ಪರೀಕ್ಷೆಗೆ ಎಡೆಯೇ ಇಲ್ಲವೇ? ಇದೆ. ಓದಿದ ಅಕ್ಷರ ತಲೆಗೆ ಹತ್ತದೆ, ಬರೆದ ಕಾಗುಣಿತ ನಿಲ್ಲದೆ ಸೋತು, ಆ ಸೋಲಿನಿಂದ ಪಾಠದಲ್ಲಿ ಮನಸ್ಸೇ ಇಡದೆ ಹೋದ ಮಗುವೂ ಹೊರನೋಟಕ್ಕೆ ಚಂಚಲವಾಗಿಯೇ ಕಾಣುತ್ತದೆ. ಅದರ ಬೇನೆ ಕಲಿಕೆಯ ನ್ಯೂನತೆ. ಎರಡೂ ಒಂದೇ ಮಗುವಿನಲ್ಲಿ ಸೇರಿರುವುದೂ ಅಪರೂಪವಲ್ಲ. ಇದನ್ನು ಬಿಡಿಸಿ ನೋಡಲು ಬುದ್ಧಿಮತ್ತೆಯ ಪರೀಕ್ಷೆಯೂ, ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು ನಮ್ಮ ಮಕ್ಕಳಿಗೆಂದು ರೂಪಿಸಿರುವ ಕಲಿಕಾನ್ಯೂನತೆಯ ಪರೀಕ್ಷಾಮಾಲೆಯೂ ಅವಶ್ಯವಾಗಿ ಬೇಕು. ಅಂಗವೈಕಲ್ಯದ ಸರ್ಟಿಫಿಕೇಟಿನ ವಿಷಯದಲ್ಲಿಯೂ ಒಂದು ಮಾತನ್ನು ತಿಳಿದಿರುವುದು ಒಳ್ಳೆಯದು: 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯು ಹೆಸರಿಸಿದ ಇಪ್ಪತ್ತೊಂದು ಬಗೆಗಳಲ್ಲಿ ಕಲಿಕೆಯ ನ್ಯೂನತೆಯೂ ಆಟಿಸಮ್ಮೂ ಸೇರಿವೆ, ಎಡಿಎಚ್‌ಡಿ ಪ್ರತ್ಯೇಕವಾಗಿ ಸೇರಿಲ್ಲ. ಇನ್ನು, “ಸೋಮಾರಿತನ, ಎರಡೇಟು ಕೊಟ್ಟರೆ ಸರಿಹೋಗುತ್ತದೆ” ಎನ್ನುವ ಮನೆಯ ಹಿರಿಯರ ಮುಂದೆ ಇಡಲು ಅಂಕಿಗಳಿರುವ ಕಾಗದವೊಂದು ಬೇಕೆಂದು ತಾಯಿಯೊಬ್ಬಳು ಹಂಬಲಿಸಿದರೆ ಆ ಹಂಬಲವನ್ನು ನಾನು ಪೂರ್ಣವಾಗಿ ಬಲ್ಲೆ. ಆದರೂ ಆ ಹಿರಿಯರನ್ನೇ ವೈದ್ಯರ ಕೊಠಡಿಯೊಳಕ್ಕೆ ಕರೆದುಕೊಂಡು ಹೋಗಿ ಕೂರಿಸುವುದು ಆ ಕಾಗದಕ್ಕಿಂತ ಫಲಕಾರಿ.

ಇನ್ನೊಂದು ಪಕ್ಷವನ್ನು ನೋಡೋಣ. ತಿಂಗಳುಗಟ್ಟಲೆ ಒಬ್ಬ ವ್ಯಕ್ತಿಯನ್ನು ಕಾಣುವ ಚಿಕಿತ್ಸಕರಿಗೆ ಪರೀಕ್ಷಕರಿಗೆ ಕಾಣದ ಎಷ್ಟೋ ಸಂಗತಿಗಳು ಕಾಣುತ್ತವೆ: ಮರೆತುಹೋದ ಭೇಟಿಗಳು, ಮಾಡದೆ ಬಂದ ಅಭ್ಯಾಸಗಳು, ಮಾತಿನ ನಡುವೆ ಜಾರಿಹೋಗುವ ಎಳೆ. ಆದರೆ ನಿರ್ಣಯವನ್ನೇ ಮುಂದೂಡಿ ನಡೆಯುವ ಆಪ್ತಸಮಾಲೋಚನೆಯಲ್ಲಿ ಒಂದು ದೊಡ್ಡ ಅಪಾಯವಿದೆ. ವರ್ಷಾನುವರ್ಷ ಬೈಗುಳ ತಿಂದ ಮನಸ್ಸಿನಲ್ಲಿ ಅಪರಾಧಪ್ರಜ್ಞೆಯೂ ಕಳವಳವೂ ಬೆಳೆದೇ ಇರುತ್ತವೆ; ಚಿಕಿತ್ಸೆ ಅವುಗಳಿಗೇ ನಡೆಯುತ್ತದೆ, ಅವುಗಳ ಬೇರು ಹಾಗೆಯೇ ಉಳಿಯುತ್ತದೆ. ಅದರಲ್ಲಿಯೂ, ಗದ್ದಲ ಮಾಡದೆ ಕಿಟಕಿಯತ್ತ ನೋಡುತ್ತ ಕುಳಿತಿರುವ ಹೆಣ್ಣುಮಕ್ಕಳ ವ್ಯಾಧಿ ಹೀಗೆ ಪ್ರಾಯಕ್ಕೆ ಬರುವವರೆಗೂ ಯಾರ ಕಣ್ಣಿಗೂ ಬೀಳದೆ ಹೋಗುವುದುಂಟು. ಅಮೆರಿಕದಲ್ಲಿ 579 ಮಕ್ಕಳನ್ನು ಹದಿನಾಲ್ಕು ತಿಂಗಳು ಅನುಸರಿಸಿ 1999ರಲ್ಲಿ ಫಲಿತಾಂಶ ಪ್ರಕಟಿಸಿದ ಎಂಟಿಎ ಎಂಬ ದೊಡ್ಡ ಅಧ್ಯಯನದಲ್ಲಿ, ವ್ಯಾಧಿಯ ಮೂಲಲಕ್ಷಣಗಳ ಮಟ್ಟಿಗೆ ಜಾಗರೂಕವಾಗಿ ಕೊಟ್ಟ ಔಷಧವು ಕೇವಲ ವರ್ತನಚಿಕಿತ್ಸೆಗಿಂತ ಹೆಚ್ಚು ಗುಣ ತೋರಿತು; ಆ ಅಂತರ ಮುಂದಿನ ವರ್ಷಗಳಲ್ಲಿ ಕರಗುತ್ತ ಬಂದದ್ದನ್ನೂ ಇಲ್ಲಿ ಹೇಳಬೇಕು. ನಮ್ಮ ದೇಶದಲ್ಲಿ ಈ ವ್ಯಾಧಿಗೆ ಕೊಡುವ ಮೀಥೈಲ್‌ಫೆನಿಡೇಟ್ ಕಟ್ಟುನಿಟ್ಟಾದ ನಿಯಂತ್ರಣಕ್ಕೊಳಪಟ್ಟ ಔಷಧ. ಅದು ಬೇಕೋ ಬೇಡವೋ ಎಂಬ ವಿಚಾರವಾದರೂ ನಡೆಯಬೇಕಾದರೆ ಅದನ್ನು ಬರೆದುಕೊಡಬಲ್ಲ ವೈದ್ಯರ ಬಳಿಗೆ ಹೋಗಲೇಬೇಕು. ಆರು ತುಂಬದ ಮಕ್ಕಳ ವಿಷಯ ಬೇರೆ: ಅಲ್ಲಿ ತಂದೆತಾಯಿಗಳಿಗೆ ಮಗುವನ್ನು ನಡೆಸಿಕೊಳ್ಳುವ ಬಗೆಯನ್ನು ಕಲಿಸುವುದೇ ಪ್ರಥಮ ಚಿಕಿತ್ಸೆಯೆಂದು ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2019ರಲ್ಲಿ ಹೇಳಿದೆ.

ಎರಡು ಪಕ್ಷಗಳೂ ಮರೆಯುವ ಮತ್ತೊಂದು ಸಂಗತಿಯೆಂದರೆ ಶರೀರ. ಕಿವಿ ಮಂದವಾಗಿರುವುದು, ಮೂಗಿನ ಹಿಂದಿನ ಗ್ರಂಥಿ ಊದಿ ರಾತ್ರಿಯೆಲ್ಲ ಗೊರಕೆಯಿಂದ ನಿದ್ರೆ ಕೆಡುವುದು, ರಕ್ತಹೀನತೆ, ಥೈರಾಯ್ಡಿನ ಏರುಪೇರು: ಇವೆಲ್ಲವೂ ಅವಧಾನವನ್ನು ಕದಡಬಲ್ಲವು. ಇವನ್ನು ಮನಶ್ಶಾಸ್ತ್ರದ ಪರೀಕ್ಷಾಮಾಲೆ ಕಂಡುಹಿಡಿಯಲಾರದು, ಸಮಾಲೋಚನೆ ಗುಣಪಡಿಸಲಾರದು; ಅವುಗಳ ಪತ್ತೆಗೆ ಒಬ್ಬ ಸಾಮಾನ್ಯ ವೈದ್ಯರ ತಪಾಸಣೆ ಬೇಕು.

ಆದಕಾರಣ ಮೊದಲ ಖರ್ಚು ವಿವರವಾದ ಸಂದರ್ಶನಕ್ಕೆ ಸಲ್ಲಬೇಕು. ಅದಕ್ಕೆ ಬೆಂಗಳೂರಿನ ನಿಮ್ಹಾನ್ಸ್ ಇದೆ, ಧಾರವಾಡದ ಡಿಮ್ಹಾನ್ಸ್ ಇದೆ, ಸರ್ಕಾರಿ ವೈದ್ಯಕೀಯ ಕಾಲೇಜುಗಳ ಮನೋವೈದ್ಯ ವಿಭಾಗಗಳಿವೆ. ಎಲ್ಲಿಗೆ ಹೋಗಬೇಕೆಂದು ತಿಳಿಯದವರು ಟೆಲಿ ಮಾನಸ್‌ನ ಸಹಾಯವಾಣಿ 14416 ಸಂಖ್ಯೆಗೆ ಕರೆ ಮಾಡಿ ಕೇಳಬಹುದು. ಹೋಗುವಾಗ ಹಳೆಯ ಪ್ರೋಗ್ರೆಸ್ ಕಾರ್ಡುಗಳನ್ನು ಹುಡುಕಿ ತೆಗೆದುಕೊಂಡು ಹೋಗಿ. ಅಂಕಗಳಿಗಿಂತ ಉಪಾಧ್ಯಾಯರು ಬರೆದ ಷರಾ ಅಲ್ಲಿ ಹೆಚ್ಚಿನ ಸಾಕ್ಷ್ಯ. ಬಾಲ್ಯವನ್ನು ಕಂಡ ತಾಯಿಯನ್ನೋ ಅಕ್ಕನನ್ನೋ ಜೊತೆಗೆ ಕರೆದೊಯ್ಯಿರಿ. ಆಮೇಲೆ ಯಾರಾದರೂ ಪರೀಕ್ಷೆಗಳ ದೊಡ್ಡ ಪಟ್ಟಿಯನ್ನು ಮುಂದಿಟ್ಟರೆ, ಇದರ ಫಲ ಹೀಗೆ ಬಂದರೆ ಚಿಕಿತ್ಸೆಯಲ್ಲಿ ಏನು ಮಾಡುವಿರಿ, ಹಾಗೆ ಬಂದರೆ ಏನು ಮಾಡುವಿರಿ ಎಂದು ವಿನಯದಿಂದಲೇ ಕೇಳಿ. ಖಚಿತವಾದ ಉತ್ತರ ಬಂದರೆ ಮಾಡಿಸಿ. ಬಾರದಿದ್ದರೆ ಆ ಹಣವನ್ನು ಚಿಕಿತ್ಸೆಗೆ ಉಳಿಸಿಕೊಳ್ಳಿ.